ಫಾಸ್ಟ್: ಬೇಗವೋ, ಬಿಗಿಯೋ?

ಮುಂಬೈ ಪಕ್ಕದ ಠಾಣೆಯಿಂದ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಹೊರಟವರು ಫಾಸ್ಟ್ ಲೋಕಲ್ ರೈಲು ಹತ್ತಿದರೆ ಕುರ್ಲಾದಲ್ಲಿ ಇಳಿದು, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಹಿಡಿಯಬೇಕು. ಇಲ್ಲವಾದರೆ ಮಾಟುಂಗ ಕಿಟಕಿಯಾಚೆಯೇ ಹಾದು ದಾದರ್ ಬರುತ್ತದೆ. ಲೋಕಲ್ಲಿನ ಈ ಫಾಸ್ಟ್ ಬಾಯಿಗೆ ಹತ್ತಿಬಿಟ್ಟಿರುವುದರಿಂದ ಆ ಪದದ ಮೊದಲ ಅರ್ಥ ವೇಗವಲ್ಲ ಎಂದರೆ ನಂಬುವುದು ಕಷ್ಟ.

ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬಿಗಿ, ಭದ್ರ. ಜರ್ಮನ್ನಿನ ‘ಫೆಸ್ಟ್’ ಈಗಲೂ ಅದೇ ಅರ್ಥದಲ್ಲಿದೆ. ಬಿಗಿಯಾಗಿ ಎಂಬುದು ಜೋರಾಗಿ ಎಂದಾಯಿತು, ಜೋರಾಗಿ ಓಡುವುದು ಬೇಗ ಓಡುವುದಾಯಿತು. ನಮ್ಮ ‘ಬಿರುಸು’ ಕೂಡ ಹೀಗೆಯೇ: ಗಡಸುತನವೂ ಹೌದು, ವೇಗವೂ ಹೌದು.

ಹಾಗಾಗಿ ಅರ್ಥ ತಿಳಿಯದಾಗ ‘ಬಿಗಿ’, ‘ಗಟ್ಟಿ’ ಹಾಕಿ ನೋಡಿ. ಫಾಸ್ಟ್ ಫ್ರೆಂಡ್ಸ್ ಎಂದರೆ ಬೇಗ ಆದ ಗೆಳೆಯರಲ್ಲ, ಗಟ್ಟಿ ಗೆಳೆಯರು. ಫಾಸ್ಟ್ ಅಸ್ಲೀಪ್ ಎಂದರೆ ಗಾಢ ನಿದ್ರೆ. ದಾದರಿನ ಅಂಗಡಿಯವರು ‘ಫಾಸ್ಟ್ ಕಲರ್’ ಎಂದರೆ ಬಣ್ಣ ಬಿಡುವುದಿಲ್ಲ ಎಂದು. ಮಾತು ನಂಬುವ ಮೊದಲು ಬಿಳಿ ಕರವಸ್ತ್ರದ ತುದಿ ಒದ್ದೆ ಮಾಡಿ, ಸೀರೆಯ ಒಳಮಡಿಕೆಯಲ್ಲಿ ಹತ್ತಾರು ಸಲ ಉಜ್ಜಿ. ಒಣಬಟ್ಟೆಯಲ್ಲಿ ಉಜ್ಜಿದರೆ ಬಿಡುವ ಬಣ್ಣವೂ ಎಷ್ಟೋ ಸಲ ಕಾಣದು.

ಉಪವಾಸದ ಫಾಸ್ಟ್ ಕೂಡ ಅದೇ ಬೇರಿನದು: ನೇಮವನ್ನು ಬಿಗಿಯಾಗಿ ಹಿಡಿಯುವುದು. ಅದನ್ನು ಮುರಿಯುವ ಊಟ ಬ್ರೇಕ್‌ಫಾಸ್ಟ್. ಬರೆಯುವಾಗ ‘ಬ್ರೇಕ್’ ಇದ್ದರೂ ಇಂಗ್ಲಿಷಿನವರ ಬಾಯಲ್ಲಿ ಅದು ‘ಬ್ರೆಕ್‌ಫಸ್ಟ್’. ಇಲ್ಲೊಂದು ದೊಡ್ಡ ಎಡವಟ್ಟಿದೆ. ಏಕಾದಶಿಯ ದಿನ ಸಾಬುದಾಣಾ (ಸಬ್ಬಕ್ಕಿ) ಖಿಚಡಿ ತಿಂದು ಲ್ಯಾಬಿಗೆ ಹೋಗಿ ‘ಫಾಸ್ಟಿಂಗ್‌ನಲ್ಲಿದ್ದೇನೆ’ ಎಂದರೆ ವ್ರತ ಕೆಟ್ಟಿರುವುದಿಲ್ಲ, ಸಕ್ಕರೆಯ ವರದಿ ಮಾತ್ರ ಕೆಡುತ್ತದೆ. ಸಾಬುದಾಣಾ ಎಂದರೆ ಬಹುಪಾಲು ಪಿಷ್ಟವೇ. ಸಕ್ಕರೆಯ ಫಾಸ್ಟಿಂಗ್ ಪರೀಕ್ಷೆಗೆ ಕನಿಷ್ಠ 8 ಗಂಟೆ ನೀರು ಬಿಟ್ಟು ಏನೂ ಕೂಡದು. ಹಾಲು ಹಾಕಿದ ಚಹಾವೂ ಲೆಕ್ಕಕ್ಕೆ ಬರುತ್ತದೆ.

ಗಡಿಯಾರ ‘5 ನಿಮಿಷ ಫಾಸ್ಟ್’ ಎಂದರೆ ಮುಂದಿದೆ ಎಂದರ್ಥ: ಅದು 8.05 ತೋರಿಸುವಾಗ ನಿಜವಾದ ಸಮಯ 8.00. ಓಡಿ ಹೋಗುವ ಅಗತ್ಯವಿಲ್ಲ.

ಬರೆಯುವಾಗ ‘ಫಾಸ್ಟ್ಲಿ’ ಬೇಡ. ಓಟಕ್ಕೂ ಫಾಸ್ಟ್, ಓಡುವ ರೀತಿಗೂ ಫಾಸ್ಟೇ. ‘ಕ್ವಿಕ್’ಗೆ ‘ಕ್ವಿಕ್ಲಿ’ ಇರುವುದರಿಂದ ಈ ತಪ್ಪು ನುಸುಳುತ್ತದೆ. ವಿಮಾನದಲ್ಲಿ ಬೆಲ್ಟ್ ಬಿಗಿಯಲು ಹೇಳುವ ‘fasten’ ಪದದಲ್ಲಿ ಟಕಾರ ಬರಹಕ್ಕೆ ಮಾತ್ರ, ಉಚ್ಚಾರ ‘ಫಾಸನ್’.