ಸರ್ವರ್‌ಗೆ ರ‍್ಯಾಮ್ ಹೆಚ್ಚಿಸಿದ ನನ್ನ ಅನುಭವ

ತಿಂಗಳ ಕೊನೆಯ ರಿಪೋರ್ಟ್ ಓಡಿಸಿದಾಗಲೆಲ್ಲ ನಮ್ಮ ಡೇಟಾಬೇಸ್ ಸರ್ವರ್ ತೆವಳುತ್ತಿತ್ತು. ಒಂದು ರಾತ್ರಿ ಡೇಟಾಬೇಸ್ ಪೂರ್ತಿ ನಿಂತೇ ಹೋಯಿತು. ಲಾಗ್ ತೆಗೆದು ನೋಡಿದರೆ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ತಾನೇ ಅದನ್ನು ನಿಲ್ಲಿಸಿತ್ತು. ಮೆಮೊರಿ ಮುಗಿದುಹೋದಾಗ ಲಿನಕ್ಸಿನ ತಿರುಳಾದ ಕರ್ನಲ್ ಸಾಮಾನ್ಯವಾಗಿ ಜಾಸ್ತಿ ಮೆಮೊರಿ ಹಿಡಿದಿರುವ ಪ್ರೋಸೆಸ್ಸನ್ನೇ (ಓಡುತ್ತಿರುವ ಪ್ರೋಗ್ರಾಂ) ಹುಡುಕಿ ಕೊಲ್ಲುತ್ತದೆ. ಡೇಟಾಬೇಸ್ ಸರ್ವರ್‌ನಲ್ಲಿ ಅದು ಡೇಟಾಬೇಸೇ ಆಗಿರುತ್ತದೆ.

ಆದರೂ ಮಾರನೇ ದಿನವೇ ರ‍್ಯಾಮ್ ಆರ್ಡರ್ ಮಾಡಲಿಲ್ಲ. ಯಾವುದೋ ಪ್ರೋಗ್ರಾಂ ಮೆಮೊರಿಯನ್ನು ಸೋರಿಸುತ್ತಿದ್ದರೆ, ಅಂದರೆ ತೆಗೆದುಕೊಂಡದ್ದನ್ನು ವಾಪಸ್ ಕೊಡದಿದ್ದರೆ, ಎಷ್ಟು ಹಾಕಿದರೂ ಸಾಲುವುದಿಲ್ಲ, ಅಲ್ವಾ? ಎರಡು ವಾರ ಸುಮ್ನೆ ಗಮನಿಸಿದೆ. ‘ಫ್ರೀ’ ಕಮಾಂಡ್ ಕೊಟ್ಟಾಗ ಖಾಲಿ ಮೆಮೊರಿ ತುಂಬಾ ಕಡಿಮೆ ಕಂಡರೆ ಗಾಬರಿ ಬೇಡ. ಉಳಿದ ಜಾಗವನ್ನು ಲಿನಕ್ಸ್ ಫೈಲ್‌ಗಳ ಕ್ಯಾಶ್‌ಗೆ (ಓದಿದ ಫೈಲುಗಳನ್ನು ಕೈಗೆಟುಕುವಂತೆ ಹಿಡಿದಿಡಲು) ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ‘ಅವೈಲಬಲ್’ ಎಂಬ ಕಾಲಂ. ಅದರ ಜೊತೆಗೆ ‘ವಿಎಂಸ್ಟ್ಯಾಟ್’ ಕಮಾಂಡ್ ಓಡಿಸಿ ಎಸ್‌ಐ, ಎಸ್‌ಓ ಕಾಲಂ ನೋಡಿದೆ. ಸ್ವಾಪ್‌ನಿಂದ (ಮೆಮೊರಿ ಸಾಲದಾಗ ಲಿನಕ್ಸ್ ಬಳಸುವ ಡಿಸ್ಕ್ ಜಾಗ) ಎಷ್ಟು ಒಳಗೆ ಬರುತ್ತಿದೆ, ಅಲ್ಲಿಗೆ ಎಷ್ಟು ಹೊರಗೆ ಹೋಗುತ್ತಿದೆ ಎಂದು ಅವು ಹೇಳುತ್ತವೆ. ರಿಪೋರ್ಟ್ ಓಡುವಷ್ಟು ಹೊತ್ತೂ ಅವು ಸೊನ್ನೆಗೆ ಇಳಿಯಲೇ ಇಲ್ಲ. ರಿಪೋರ್ಟ್ ಮುಗಿದ ಮೇಲೆ ಮೆಮೊರಿ ಸರಿಯಾಗಿ ವಾಪಸ್ ಬರುತ್ತಿತ್ತು. ಅಂದರೆ ಸೋರಿಕೆ ಅಲ್ಲ, ಕೊರತೆ.

ಸರ್ವರ್‌ನಲ್ಲಿ ಆಗ ಏನಿತ್ತು ಎಂದು ‘ಡಿಎಂಐಡಿಕೋಡ್’ ಕಮಾಂಡ್ ತೋರಿಸಿತು. ಎರಡು ಪ್ರೊಸೆಸರ್, ಮೆಮೊರಿ ಸ್ಟಿಕ್ ಕೂರಿಸುವ ಒಟ್ಟು 24 ಸ್ಲಾಟ್. ಅದರಲ್ಲಿ 16 ಜಿಬಿಯ ನಾಲ್ಕೇ ಸ್ಟಿಕ್, ಒಟ್ಟು 64 ಜಿಬಿ. ಇದನ್ನು 192 ಜಿಬಿ ಮಾಡೋಣ ಎಂದು ನಿರ್ಧಾರವಾಯಿತು.

ಇಲ್ಲೇ ನಾನು ಹೆಚ್ಚು ಹೊತ್ತು ಯೋಚಿಸಿದ್ದು. ಬೇಕಿದ್ದ 128 ಜಿಬಿಯನ್ನು ಎರಡು ರೀತಿ ತರಬಹುದಿತ್ತು: 32 ಜಿಬಿಯ ನಾಲ್ಕು ಸ್ಟಿಕ್, ಇಲ್ಲವೇ 16 ಜಿಬಿಯ ಎಂಟು. ಸಹೋದ್ಯೋಗಿಗಳು ಮೊದಲನೆಯದೇ ಸಾಕು ಎಂದರು. ಸ್ಲಾಟ್ ಉಳಿಯುತ್ತದೆ, ಮೊತ್ತ ಒಂದೇ. ಆದರೆ ನಮ್ಮ ಸರ್ವರ್‌ನ ಒಂದೊಂದು ಪ್ರೊಸೆಸರ್‌ಗೆ ಆರು ಮೆಮೊರಿ ಚಾನೆಲ್, ಅಂದರೆ ಡೇಟಾ ಓಡಾಡುವ ಆರು ಬೇರೆ ಬೇರೆ ದಾರಿ ಇವೆ. ನಮ್ಮ ಬಗೆಯ ಡಿಡಿಆರ್4-2666 ಸ್ಟಿಕ್ ಹಾಕಿದ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 21 ಜಿಬಿ ಸಾಗಿಸಬಲ್ಲದು. 32 ಜಿಬಿಯ ನಾಲ್ಕು ತಂದರೆ ಹಳೆಯವೂ ಸೇರಿ ಒಂದೊಂದು ಪ್ರೊಸೆಸರಿಗೆ ನಾಲ್ಕೇ ಸ್ಟಿಕ್. ನಾಲ್ಕು ಚಾನೆಲ್ ತುಂಬಿದರೆ ಸುಮಾರು 85, ಆರೂ ತುಂಬಿದರೆ ಸುಮಾರು 128. ಸಾಲದ್ದಕ್ಕೆ 16 ಮತ್ತು 32 ಬೆರೆತರೆ ಚಾನೆಲ್‌ಗಳ ನಡುವೆ ಡೇಟಾ ಸಮವಾಗಿ ಹಂಚಿಹೋಗುವುದಿಲ್ಲ. ಎಂಟು ಸ್ಟಿಕ್ ತಂದರೆ ಹಳೆಯ ನಾಲ್ಕೂ ಸೇರಿ ಪ್ರತಿ ಪ್ರೊಸೆಸರ್‌ಗೆ ಆರು, ಪ್ರತಿ ಚಾನೆಲ್‌ಗೆ ಒಂದು. ದೊಡ್ಡ ಟೇಬಲ್‌ಗಳನ್ನು ಪೂರ್ತಿ ಓದುವ ರಿಪೋರ್ಟ್‌ಗೆ ಇದು ತುಂಬಾ ಮುಖ್ಯ ಎಂದು ಪಟ್ಟು ಹಿಡಿದೆ. ಕೊನೆಗೆ ಎಲ್ಲರೂ ಒಪ್ಪಿದರು.

ಕೊಳ್ಳುವಾಗ ಸ್ಟಿಕ್‌ನ ಲೇಬಲ್ ಓದಲೇಬೇಕು. ನಮ್ಮದರಲ್ಲಿ ‘ಪಿಸಿ4-2666ವಿ-ಆರ್’ ಎಂದಿತ್ತು. ಕೊನೆಯ ಆ ಆರ್ ಅಂದರೆ ರಿಜಿಸ್ಟರ್ಡ್ (ಕಮಾಂಡ್ ಸಂಕೇತಗಳನ್ನು ದಾಟಿಸುವ ಚಿಪ್ ಇರುವ ಬಗೆ). ಅಲ್ಲಿ ಎಲ್ ಇದ್ದರೆ ಅದು ಲೋಡ್ ರಿಡ್ಯೂಸ್ಡ್ (ಡೇಟಾ ಸಂಕೇತಗಳಿಗೂ ಅಂಥ ಚಿಪ್ ಇರುವ ಬಗೆ). ಎರಡನ್ನೂ ಒಂದೇ ಸರ್ವರ್‌ನಲ್ಲಿ ಬೆರೆಸುವಂತಿಲ್ಲ. ಡೆಸ್ಕ್‌ಟಾಪ್‌ನ ಡಿಡಿಆರ್4 ಸ್ಟಿಕ್‌ಗೂ 288 ಪಿನ್ನೇ. ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಇಂಥ ಸರ್ವರ್ ಅದನ್ನು ಒಪ್ಪಿಕೊಳ್ಳುವುದಿಲ್ಲ. ಹಳೆಯದರಲ್ಲಿದ್ದ ‘2ಆರ್‌ಎಕ್ಸ್4’ ಎಂಬ ಗುರುತನ್ನೂ (ಸ್ಟಿಕ್ ಮೇಲಿನ ಚಿಪ್ಪುಗಳ ಜೋಡಣೆ ಹೇಳುವುದು) ಹೊಂದಿಸಿ ಅದೇ ಬಗೆಯದನ್ನು ತರಿಸಿದೆ.

ಕೆಲಸಕ್ಕೆ ಭಾನುವಾರ ಬೆಳಿಗ್ಗೆ ಆರಿಸಿಕೊಂಡೆ. ಮೊದಲು ಬ್ಯಾಕಪ್, ಅದನ್ನು ಬೇರೆ ಮೆಷಿನ್‌ನಲ್ಲಿ ತೆರೆದು ಪರೀಕ್ಷೆ. ಸರ್ವರ್ ಶಟ್‌ಡೌನ್ ಮಾಡಿ ಎರಡೂ ಪವರ್ ಕೇಬಲ್ ಕಿತ್ತೆ. ಒಂದೇ ಕಿತ್ತರೆ ಬೋರ್ಡ್‌ಗೆ ಇನ್ನೊಂದರಿಂದ ಕರೆಂಟ್ ಬರುತ್ತಲೇ ಇರುತ್ತದೆ. ಕೈಗೆ ಆಂಟಿ-ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡೆ. ಫ್ಯಾನ್ ಗಾಳಿಗೆ ದಾರಿ ಮಾಡುವ ಒಳಗಿನ ಪ್ಲಾಸ್ಟಿಕ್ ಗಾಳಿ ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. ಯಾವ ಸ್ಲಾಟ್ ಮೊದಲು ತುಂಬಬೇಕು ಎಂಬ ಚಿತ್ರ ಸರ್ವರ್‌ನ ಮೇಲಿನ ಮುಚ್ಚಳದ ಒಳಬದಿಯಲ್ಲೇ ಅಂಟಿಸಿರುತ್ತದೆ. ಅದನ್ನು ಫೋಟೋ ತೆಗೆದುಕೊಂಡು ಅದರಂತೆಯೇ ಹಾಕಿದೆ. ಹಾಕುವುದು ಹತ್ತು ನಿಮಿಷದ ಕೆಲಸ.

ಪವರ್ ಕೊಟ್ಟ ಮೇಲೆ ಪರದೆ ಕಪ್ಪಗೇ ಇತ್ತು. ಒಂದು ನಿಮಿಷ, ಎರಡು, ಐದು. ಫ್ಯಾನ್‌ಗಳು ಜೋರಾಗಿ ಕೂಗುತ್ತಿದ್ದವು. ಹೊಸ ಸ್ಟಿಕ್ ಹಾಕಿದಾಗ ಸರ್ವರ್ ಒಂದೊಂದು ಚಾನೆಲ್‌ನ ಸಂಕೇತಗಳ ಸಮಯ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಮೊದಲ ಸಲ ಇಷ್ಟು ಹೊತ್ತು ಬೇಕು. ಗೊತ್ತಿದ್ದರೂ ಎದೆ ಡವಡವ ಎನ್ನುತ್ತಿತ್ತು. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಲು ಹೋಗಬೇಡಿ.

ಕೊನೆಗೆ ಪರದೆ ಬಂತು: 176 ಜಿಬಿ. ಒಂದು ಸ್ಟಿಕ್ ಕಾಣುತ್ತಿಲ್ಲ! ಯಾವ ಸ್ಲಾಟ್ ಎಂದು ಸರ್ವರ್‌ನ ಈವೆಂಟ್ ಲಾಗ್‌ನಲ್ಲೇ ಬರೆದಿತ್ತು. ಸರ್ವರ್ ಮತ್ತೆ ಆಫ್ ಮಾಡಿ, ಕೇಬಲ್ ಕಿತ್ತು, ತೆರೆದೆ. ಆ ಸ್ಟಿಕ್‌ನ ಒಂದು ತುದಿಯ ಕ್ಲಿಪ್ ಮುಚ್ಚಿದಂತೆ ಕಾಣುತ್ತಿತ್ತು, ಆದರೆ ಪೂರ್ತಿ ಕೂತಿರಲಿಲ್ಲ. ತೆಗೆದು, ಎರಡೂ ತುದಿಗಳನ್ನು ಒಟ್ಟಿಗೆ ‘ಟಕ್’ ಎನ್ನುವವರೆಗೆ ಒತ್ತಿದೆ. ಈ ಸಲ 192. ಆಗಲೂ ಕಾಣದಿದ್ದರೆ ಅದನ್ನು ಕೆಲಸ ಮಾಡುತ್ತಿದ್ದ ಬೇರೊಂದು ಸ್ಟಿಕ್ ಜೊತೆ ಅದಲು ಬದಲು ಮಾಡಬೇಕೆಂದಿದ್ದೆ. ದೋಷ ಸ್ಟಿಕ್‌ನ ಹಿಂದೆ ಹೋದರೆ ಸ್ಟಿಕ್ ಹಾಳು, ಅಲ್ಲೇ ಉಳಿದರೆ ಸ್ಲಾಟ್ ಹಾಳು.

ಗಾಳಿ ಮುಚ್ಚಳ ಮತ್ತೆ ಹಾಕಿ, ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಸೋಮವಾರ ಬೆಳಿಗ್ಗೆ ಒಂದೂ ದೋಷವಿರಲಿಲ್ಲ. ಆಮೇಲೆ ಡೇಟಾಬೇಸ್‌ನ ಬಫರ್ ಪೂಲ್ (ಡೇಟಾ ಹಿಡಿದಿಡಲು ಅದು ಮೀಸಲಿಟ್ಟುಕೊಳ್ಳುವ ಮೆಮೊರಿ) 40 ಜಿಬಿಯಿಂದ 130 ಜಿಬಿಗೆ ಏರಿಸಿದೆ. ಇದನ್ನು ಮರೆತರೆ ಡೇಟಾಬೇಸ್ ತನ್ನ ಹಳೆಯ 40 ಜಿಬಿಯಲ್ಲೇ ಕೆಲಸ ಮಾಡುತ್ತಿರುತ್ತದೆ.

ಆ ತಿಂಗಳ ಕೊನೆಯ ರಿಪೋರ್ಟ್ ಓಡುವಾಗ ವಿಎಂಸ್ಟ್ಯಾಟ್ ತೆರೆದುಕೊಂಡೇ ಕೂತಿದ್ದೆ. ಎಸ್‌ಐ, ಎಸ್‌ಓ ಕೊನೆಯವರೆಗೂ ಸೊನ್ನೆ. ಸರ್ವರ್‌ನ ಇಸಿಸಿ ಮೆಮೊರಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಂಡು ಲೆಕ್ಕ ಇಡುತ್ತದೆ. ಒಂದೇ ಸ್ಟಿಕ್‌ನಲ್ಲಿ ಆ ಲೆಕ್ಕ ಏರುತ್ತಾ ಹೋದರೆ ಅದನ್ನು ಬದಲಿಸುವ ಕಾಲ ಬಂತು ಎಂದರ್ಥ. ದಿನಾ ಬೆಳಿಗ್ಗೆ ಆ ಲೆಕ್ಕ ನೋಡುತ್ತೇನೆ. ಹನ್ನೆರಡೂ ಸ್ಟಿಕ್‌ಗಳಲ್ಲಿ ಇನ್ನೂ ಸೊನ್ನೆಯೇ ಇದೆ.