ಸೊಪ್ಪಿನ ಕತ್ತಿಗೆ ಹದ ಹಾಕಿದ್ದು

ಮಳೆಗಾಲ ಹತ್ತಿರವಾದಾಗ ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಕುಲುಮೆಗೆ ಕತ್ತಿ, ಹಾರೆ, ಪಿಕ್ಕಾಸುಗಳು ರಾಶಿಯಾಗಿ ಬಂದು ಬೀಳುತ್ತವೆ. ಹಾರೆಯ ಮೂತಿ ತಟ್ಟುವುದನ್ನು ನಾನು ಒಂದೆರಡು ತಿಂಗಳಲ್ಲಿ ಕಲಿತೆ; ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ಕತ್ತಿಯ ಹದ, ಅಂದರೆ ಅಲಗು ಒಡೆಯದಂತೆ, ಮಡಚದಂತೆ ಗಡುಸು ಮಾಡುವ ಕೆಲಸ, ಕೈಗೆ ಹತ್ತಲು ವರ್ಷಗಳೇ ಬೇಕಾದವು.

ನಾನೊಬ್ಬನೇ ಮಾಡಿ ಮುಗಿಸಿದ ಮೊದಲ ಕತ್ತಿ ಮೂರನೆಯ ದಿನವೇ ಹಿಂದೆ ಬಂತು. "ಆಚಾರ್ರೇ, ಇದು ತೆಂಗಿನ ಗೆರಟೆಯ ಹಾಗೆ ಒಡೆಯಿತಲ್ಲ" ಎಂದು ತೋಟದವರು ಬಾಯಿ, ಅಂದರೆ ಹರಿತದ ಅಂಚು, ಹಾರಿದ ಕತ್ತಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟರು. ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಬಡಿದು ಮಾಡಿದ ಅಲಗನ್ನು ಇಡಿಯಾಗಿ ಕೆಂಪಗೆ ಕಾಯಿಸಿ, ತಣ್ಣೀರಿಗೆ ಅದ್ದಿ, ಮತ್ತೆ ಕಾವು ತೋರಿಸದೆ ಹಿಡಿ ಹಾಕಿದ್ದೇ ತಪ್ಪಾಗಿತ್ತು. ಪ್ಲೇಟಿನಲ್ಲಿ ಶೇಕಡಾ 0.6ರ ಆಸುಪಾಸಿನಲ್ಲಿ ಇಂಗಾಲ ಇರುವುದರಿಂದ ಅದು ನೀರಿಗೆ ಬಿದ್ದೊಡನೆ ಗಾಜಿನಂತೆ ಗಡುಸಾಗುತ್ತದೆ. ಸಾದಾ ಕಬ್ಬಿಣವನ್ನು ಎಷ್ಟು ಸಲ ಅದ್ದಿದರೂ ಹಾಗಾಗುವುದಿಲ್ಲ.

ಈಗ ನಾನು ಗೆರಟೆಯ ಮಸಿಯಲ್ಲಿ (ಇದ್ದಿಲಿನಲ್ಲಿ) ಸಣ್ಣ ಗಾಳಿ ಕೊಟ್ಟು ಅಲಗನ್ನು ನಿಧಾನವಾಗಿ ಕಾಯಿಸುತ್ತೇನೆ. ಬಿಸಿಲಿನಲ್ಲಿ ಕೆಂಪು ಮೋಸ ಮಾಡುತ್ತದೆ, ಆದ್ದರಿಂದ ಹದದ ಕೆಲಸವೆಲ್ಲ ಸಂಜೆಗೆ. ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವೊಂದು ಬಳಿಯಲ್ಲಿರುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣ ಅದಕ್ಕೆ ಅಂಟುವುದಿಲ್ಲ. ಅಪ್ಪ ಇದನ್ನು ಕಂಡು ನಕ್ಕಿದ್ದರು, ಅವರಿಗೆ ಕಣ್ಣೇ ಸಾಕಿತ್ತು. ಅಂಟದಂತಾದ ಮೇಲೆ ಇನ್ನೂ ತುಸು ಕಾಯಿಸಿ, ಬಾಯಿಯ ಭಾಗವನ್ನು ಮಾತ್ರ ಒಂದೂವರೆ ಬೆರಳಿನಷ್ಟು ಎಣ್ಣೆಯಲ್ಲಿ ಇಳಿಸಿ, ಒಂದೇ ಗೆರೆಯಲ್ಲಿ ಬಿರುಕು ಮೂಡದಂತೆ ಹಿಂದೆ ಮುಂದೆ ಆಡಿಸುತ್ತೇನೆ. ಕೂಡಲೇ ಹೊರತೆಗೆದು ಬಾಯಿಯನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿದರೆ, ಬೆನ್ನಿನಲ್ಲಿ ಉಳಿದ ಕಾವು ಕೆಳಗಿಳಿಯುತ್ತಾ ಬರುವುದು ಬಣ್ಣದಲ್ಲಿ ಕಾಣುತ್ತದೆ: ಮೊದಲು ಬೈಹುಲ್ಲಿನ ಹಳದಿ, ಮತ್ತೆ ಒಣಗಿದ ಅಡಿಕೆ ಸಿಪ್ಪೆಯ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಸಿ ಗೆಲ್ಲಿಗೆ ಏಟು ಹಾಕುವ ಕತ್ತಿಯಾದ್ದರಿಂದ ಕಂದು ನೇರಳೆಗೆ ತಿರುಗುವಾಗ, ಅಂದರೆ 270 ಡಿಗ್ರಿಯ ಸುಮಾರಿಗೆ, ಪೂರ್ತಿ ಅದ್ದಿ ನಿಲ್ಲಿಸುತ್ತೇನೆ. ನೀಲಿಯಾಗಲು ಬಿಟ್ಟರೆ ಬಾಯಿ ಬೇಗ ಮಡಚುತ್ತದೆ.

ಹಿಡಿಗೆ ಅರಗು ತುಂಬುವುದು ಅರ್ಧ ಗಂಟೆಯ ಕೆಲಸ. ಒಡೆದ ಕತ್ತಿಯವರಿಗೆ ಹೊಸತೊಂದನ್ನು ಮಾಡಿಕೊಟ್ಟು, ಹಳೆಯದರ ತುಂಡಿನಿಂದ ಪೀಶಕತ್ತಿ (ಸಣ್ಣ ಚಾಕು) ತೆಗೆದೆ. ಅದು ಈಗಲೂ ನಮ್ಮ ಅಡುಗೆಮನೆಯಲ್ಲಿದೆ.