ಮಾತಾಡದ ಭೈರನ ಪೋಸ್ಟ್ ಯಾಕೆ ಉದ್ದವಾಯ್ತು

ಮೊದಮೊದಲು ನನ್ನ ಪೋಸ್ಟ್‌ಗಳಲ್ಲಿ ಮಳೆ ಜಾಸ್ತಿ ಇರುತ್ತಿತ್ತು. ಮಳೆ ಇಲ್ಲದಿದ್ದರೆ ಗಾಳಿ. ಗಾಳಿಯೂ ಇಲ್ಲದಿದ್ದರೆ ನನ್ನ ಪಾತ್ರದ ಕಣ್ಣು, ಕೂದಲು, ಅವನ ಕಂಬಳಿಯ ಬಣ್ಣ. ಏನು ಮಾಡುವುದು, ನಮ್ಮ ರೋಲ್‌ಪ್ಲೇ ಗುಂಪಿನಲ್ಲಿ ಒಂದು ನಿಯಮ ಇತ್ತು: ಪ್ರತಿ ಪೋಸ್ಟ್ ಕನಿಷ್ಠ 300 ಪದ ಇರಬೇಕು.

ರೋಲ್‌ಪ್ಲೇ ಬರೆದು ಗೊತ್ತಿಲ್ಲದವರಿಗೆ ಒಂದು ಮಾತು. ಇಬ್ಬರೋ ನಾಲ್ಕೈದು ಜನರೋ ಸೇರಿ ಆನ್‌ಲೈನ್‌ನಲ್ಲಿ ಒಂದೇ ಕಥೆ ಬರೆಯುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನನ್ನ ಪಾತ್ರ ಏನು ಮಾಡಿತು ಅಂತ ನಾನು ಬರೆಯುತ್ತೇನೆ, ಆಮೇಲೆ ನಿಮ್ಮ ಸರದಿ. ನಿಮ್ಮ ಪಾತ್ರದ ಕೈಕಾಲು, ಬಾಯಿ ನಿಮ್ಮವು. ನಾನು ಮುಟ್ಟುವಂತಿಲ್ಲ. ‘ಕತ್ತಿ ಬೀಸಿದ’ ಅಂತ ಬರೆಯಬಹುದು, ‘ಅವಳ ಕೈ ಕತ್ತರಿಸಿದ’ ಅಂತ ಬರೆಯಬಾರದು. ಅದಕ್ಕೆ ಪವರ್‌ಪ್ಲೇ ಅನ್ನುತ್ತಾರೆ. ಮಾಡಿದವರ ಜೊತೆ ಯಾರೂ ಎರಡನೇ ಸಲ ಬರೆಯುವುದಿಲ್ಲ.

ಆ 300ರ ಲೆಕ್ಕವನ್ನು ನಾವು ಇಂಗ್ಲಿಷಿನಲ್ಲಿ ಬರೆಯುವವರನ್ನು ನೋಡಿ ಎತ್ತಿಕೊಂಡಿದ್ದೆವು. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ‘ಹೋಗಬೇಕಾಗಿತ್ತು’ ನಮಗೆ ಒಂದು ಪದ, ಅವರಿಗೆ ಮೂರು. ಹಾಗಾಗಿ ನಮ್ಮ 300 ಪದ ಅವರ 300ಕ್ಕಿಂತ ಎಷ್ಟೋ ಉದ್ದ. ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ಗೆ ಹೋದ ಮೇಲೆ ಇನ್ನೊಂದು ತಮಾಷೆ. ಅಲ್ಲಿ ದುಡ್ಡು ಕೊಡದ ಖಾತೆಗೆ ಒಂದು ಮೆಸೇಜಿಗೆ 2000 ಕ್ಯಾರೆಕ್ಟರ್ ಮಿತಿ. ನಮ್ಮ ಒತ್ತು, ದೀರ್ಘ, ಕೊಂಬು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ನನ್ನ ಪೋಸ್ಟ್‌ಗಳು 300 ಪದ ಮುಟ್ಟುವ ಮೊದಲೇ ತುಂಡಾಗುತ್ತಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ!

ಇರಲಿ, ಭೈರನ ವಿಷಯಕ್ಕೆ ಬರುತ್ತೇನೆ. ಭೈರ ಒಂದು ಹಳೆ ಕೋಟೆಯ ಬಾಗಿಲು ಕಾಯುವವನು. ಮಾತು ಕಮ್ಮಿ. ನಾನು ಮೊದಲು ಬರೆದ ಭೈರನಿಗೆ ಬರದ ವಿದ್ಯೆಯೇ ಇರಲಿಲ್ಲ. ಕತ್ತಿ, ಕುದುರೆ, ನಾಟಿ ಔಷಧಿ, ನಾಲ್ಕು ಭಾಷೆ. ಇಂಥ ಪಾತ್ರಕ್ಕೆ ‘ಮೇರಿ ಸ್ಯೂ’ ಅನ್ನುತ್ತಾರೆ. 1973ರಲ್ಲಿ ಪೌಲಾ ಸ್ಮಿತ್ ಎಂಬಾಕೆ ಅಭಿಮಾನಿಗಳು ಬರೆಯುವ ಕಥೆಗಳನ್ನು ಗೇಲಿ ಮಾಡಲು ಹುಟ್ಟಿಸಿದ, ಎಲ್ಲದರಲ್ಲೂ ಮುಂದಿರುವ ಹುಡುಗಿಯ ಹೆಸರು ಅದು. ನನ್ನದು ಗಡ್ಡ ಇದ್ದ ಮೇರಿ ಸ್ಯೂ, ಅಷ್ಟೇ. ಎಲ್ಲ ಬಲ್ಲವನಿಗೆ ಬೇರೆಯವರಿಂದ ಏನೂ ಬೇಕಾಗುವುದಿಲ್ಲ, ಅಲ್ವಾ? ಅದಕ್ಕೇ ಅವನ ಪೋಸ್ಟ್‌ನಲ್ಲಿ ಅವನೊಬ್ಬನೇ ಇರುತ್ತಿದ್ದ. ಜೊತೆಗೆ ಮಳೆ.

ನನ್ನ ಜೊತೆ ಬರೆಯುತ್ತಿದ್ದವರ ಪಾತ್ರ ತಾರಾ. ಗಡಿಯಲ್ಲಿ ಕದ್ದು ಸಾಮಾನು ಸಾಗಿಸುವವಳು. ಒಂದು ದಿನ ನಾನು ಭೈರನ ಮನಸ್ಸಿನೊಳಗಿನ ದುಃಖವನ್ನು ಮೂರು ಪ್ಯಾರಾ ಬರೆದು ಹಾಕಿದೆ. ಬರೆದು ನಾನೇ ಬೀಗಿದ್ದೆ. ಅವರಿಂದ ಮೆಸೇಜ್ ಬಂತು: “ಚೆನ್ನಾಗಿದೆ. ಆದ್ರೆ ಇದರಲ್ಲಿ ತಾರಾಗೆ ಕಾಣ್ಸಿದ್ದು ಏನು ಹೇಳಿ? ಒಬ್ಬ ಮನುಷ್ಯ ಸುಮ್ನೆ ನಿಂತಿದಾನೆ, ಅಷ್ಟೇ ತಾನೆ?”

ಸಿಟ್ಟು ಬಂತು. ಪೋಸ್ಟನ್ನು ಮತ್ತೆ ಓದಿದೆ. ಹೌದು, ಅಷ್ಟೇ. ಭೈರನ ತಲೆಯೊಳಗಿನದು ತಾರಾಗೆ ಕೇಳಿಸುವುದಿಲ್ಲ. ಕೇಳಿಸದ್ದಕ್ಕೆ ಅವಳು ಏನಂತ ಉತ್ತರ ಕೊಡಬೇಕು?

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಭೈರ ಏನಾದರೂ ಯೋಚಿಸಿದರೆ ಅದು ಮೈಮೇಲೆ ಎಲ್ಲೋ ಒಂದು ಕಡೆ ಕಾಣಬೇಕು. ತಮ್ಮನ ನೆನಪಾದರೆ ‘ತಮ್ಮನ ನೆನಪಾಯಿತು’ ಅಂತ ಬರೆದು ಬಿಡುವ ಹಾಗಿಲ್ಲ. ಅವನು ಬೀಗದ ಕೈಗೊಂಚಲಿನಲ್ಲಿ ಯಾವ ಬಾಗಿಲಿಗೂ ಸೇರದ ಒಂದು ಸಣ್ಣ ಕೀಲಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾನೆ. ತಾರಾ ಕಳ್ಳಿ, ಅವಳ ಕಣ್ಣು ಕೀಲಿಗೆ ಹೋಗದೆ ಇರುತ್ತದೆಯೇ? “ಅದು ಯಾವ ಬಾಗಿಲಿಂದು?” ಅಂತ ಕೇಳಿದಳು. ಭೈರ ಉತ್ತರ ಕೊಡಲಿಲ್ಲ, ಗೊಂಚಲನ್ನು ಸೊಂಟದ ಇನ್ನೊಂದು ಬದಿಗೆ ಸಿಕ್ಕಿಸಿಕೊಂಡ. ಅದರ ಮೇಲೆ ನಾಲ್ಕು ವಾರ ಬರೆದೆವು.

ಹೀಗೆ, ಮಾತಾಡದವನ ಪೋಸ್ಟ್ ಉದ್ದವಾಯಿತು. ಮಾತಿನಲ್ಲಿ ಹೇಳದ್ದನ್ನೆಲ್ಲ ಕೈ, ನೋಟ, ನಿಲ್ಲುವ ರೀತಿ ಹೇಳಬೇಕು. ಅದಕ್ಕೆ ಜಾಗ ಬೇಕು.

ಇದರ ಉಲ್ಟಾ ಪಾಠ ಕಲಿಸಿದವಳು ಗಂಗಿ. ನನ್ನದೇ ಇನ್ನೊಂದು ಪಾತ್ರ, ವಾಚಾಳಿ ಮುದುಕಿ. ಬಾಯಿ ತೆಗೆದರೆ ಮುಚ್ಚುವವಳಲ್ಲ, ಹಾಗಾಗಿ ಪೋಸ್ಟ್ ಉದ್ದ ಇರಬೇಕು ಅಂದುಕೊಂಡಿದ್ದೆ. ಒಂದೇ ಪೋಸ್ಟ್‌ನಲ್ಲಿ ಐದು ಪ್ರಶ್ನೆ ಕೇಳಿ, ಎರಡು ಬೈಗುಳ ಬೈದು, ಹಳೆ ಕಥೆಯೊಂದನ್ನು ಹೇಳಿ ಮುಗಿಸುತ್ತಿದ್ದಳು. ಎದುರಿನವರು ಐದಕ್ಕೂ ಸಾಲಾಗಿ ಉತ್ತರ ಬರೆಯಬೇಕು. ಓದಿದರೆ ಅರ್ಜಿ ಫಾರಂ ತುಂಬಿಸಿದ ಹಾಗೆ. ನಿಜವಾದ ಮಾತುಕತೆಯಲ್ಲಿ ಮೊದಲ ಪ್ರಶ್ನೆಗೇ ಯಾರಾದರೂ ನಡುವೆ ಬಾಯಿ ಹಾಕುತ್ತಾರಲ್ಲ. ಈಗ ಗಂಗಿ ಮೊದಲ ಪ್ರಶ್ನೆ ಕೇಳಿದ ತಕ್ಷಣ ನಾನು ಪೋಸ್ಟ್ ನಿಲ್ಲಿಸುತ್ತೇನೆ. ಒಮ್ಮೊಮ್ಮೆ 40 ಪದ. ಸರಸರ ಹತ್ತು ಪೋಸ್ಟ್ ಹೋಗಿ ಬರುತ್ತವೆ, ಮುದುಕಿ ಬಾಯಿಬಡುಕಿ ಅಂತ ಆಗ ನಿಜಕ್ಕೂ ಅನಿಸುತ್ತದೆ.

ನಾಲ್ಕೈದು ಜನ ಒಂದೇ ದೃಶ್ಯದಲ್ಲಿದ್ದರೆ ನಾನು ಇನ್ನೂ ಕತ್ತರಿಸುತ್ತೇನೆ. ಎಲ್ಲರೂ ಉದ್ದ ಬರೆದರೆ ನನ್ನ ಸರದಿ ಬರುವಷ್ಟರಲ್ಲಿ ಮಾತು ನಾಲ್ಕು ದಿಕ್ಕಿಗೆ ಹೋಗಿರುತ್ತದೆ. ಹೊಡೆದಾಟದಲ್ಲೂ ಅಷ್ಟೇ. ಒಂದು ಪೋಸ್ಟ್‌ಗೆ ಒಂದು ಏಟು.

ಕೊನೆಗೆ ನಮ್ಮ ಗುಂಪಿನವರು ಆ 300ರ ನಿಯಮ ತೆಗೆದರು. ನನ್ನಿಂದೇನಲ್ಲ, ಎಲ್ಲರಿಗೂ ಸಾಕಾಗಿತ್ತು.

ನಿಯಮ ಹೋದ ಮೇಲೂ ಭೈರನ ಪೋಸ್ಟ್‌ಗಳು ಉದ್ದವಾಗಿಯೇ ಉಳಿದವು, ಒಂದನ್ನು ಬಿಟ್ಟು. ತಾರಾ ಸಿಕ್ಕಿಬೀಳುವ ಹೊತ್ತು. ಹಿಂದೆ ಸೈನಿಕರು, ಎದುರಿಗೆ ಮುಚ್ಚಿದ ಬಾಗಿಲು. ಭೈರ ಯಾಕೆ ತೆಗೆಯಬೇಕು, ಯಾಕೆ ತೆಗೆಯಬಾರದು ಅಂತ ಮೂರು ಪ್ಯಾರಾ ಬರೆದಿದ್ದೆ. ಎಲ್ಲ ಅಳಿಸಿ ಒಂದೇ ಸಾಲು ಹಾಕಿದೆ:

“ಭೈರ ಚಿಲಕ ತೆಗೆದ.”

ತಾರಾಳನ್ನು ಬರೆಯುವವರಿಂದ ಮೊದಲು ಬಂದದ್ದು ಬರೀ ‘ಅಯ್ಯೋ’. ತಾರಾಳ ಪೋಸ್ಟ್ ಬರಲು ಎರಡು ದಿನ ಹಿಡಿಯಿತು. ಮೂರು ಮೆಸೇಜ್‌ಗಳಲ್ಲಿ ತುಂಡಾಗಿ ಬಂತು. ಒಳಗೆ ನುಗ್ಗಿದವಳು ಮೊದಲು ಕೈ ಹಾಕಿದ್ದು ಆ ಸಣ್ಣ ಕೀಲಿಗೆ.